ಪ್ರೋಟೀನುಗಳ ತಪ್ಪು ಮಡಿಕೆ: ಗಣಕಯಂತ್ರದ ಲೆಕ್ಕ ಎಷ್ಟರಮಟ್ಟಿಗೆ ನಂಬಲರ್ಹ?

ವ್ಯಾಪಾರ ವ್ಯವಹಾರದಲ್ಲಿ ಸಹಿಗೆ ಇರುವ ಬೆಲೆ ನಮ್ಮ ಸದಸ್ಯ ಬಾಂಧವರಿಗೆ ತಿಳಿಯದ ವಿಷಯವಲ್ಲ. ಹಲವು ದಶಕ ಒಂದೇ ರೀತಿಯಲ್ಲಿ ಸಹಿ ಹಾಕುತ್ತ ಬಂದ ಹಿರಿಯ ವರ್ತಕರೊಬ್ಬರ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ, ಇಕ್ಕಟ್ಟಾಗುತ್ತ ಹೋಗಿ, ಕೊನೆಗೊಂದು ದಿನ ಸಹಿ ತಾಳೆಯಾಗಲಿಲ್ಲವೆಂದು ಬ್ಯಾಂಕಿನಿಂದ ಚೆಕ್ಕು ಹಿಂದಿರುಗಬಹುದು. ಮನೆಯವರು ಅದನ್ನು ವಯೋಸಹಜವೆಂದು ಭಾವಿಸಬಹುದು. ಆದರೆ ಬರವಣಿಗೆ ಹೀಗೆ ಕಿರಿದಾಗುವುದು ಪಾರ್ಕಿನ್ಸನ್ ಕಾಯಿಲೆಯ ಪರಿಚಿತ ಲಕ್ಷಣಗಳಲ್ಲೊಂದು.

ಕೈಕಾಲುಗಳನ್ನು ನಡುಗಿಸುವ ಪಾರ್ಕಿನ್ಸನ್, ನೆನಪನ್ನು ಕಸಿಯುವ ಆಲ್ಝೈಮರ್, ನಮ್ಮಲ್ಲಿ ಮನೆಮಾತಾಗಿರುವ ಎರಡನೇ ಬಗೆಯ ಮಧುಮೇಹ ಇವು ಮೂರೂ ಮೇಲ್ನೋಟಕ್ಕೆ ಸಂಬಂಧವಿಲ್ಲದ ಕಾಯಿಲೆಗಳು. ಆದರೂ ಇವುಗಳಲ್ಲಿ ಒಂದು ಸಮಾನ ಅಂಶ ಕಂಡುಬರುತ್ತದೆ. ದೇಹದಲ್ಲಿ ಬಿಡಿಬಿಡಿಯಾಗಿ ಇರಬೇಕಾದ ಯಾವುದೋ ಒಂದು ಪ್ರೋಟೀನು ತಪ್ಪು ಆಕಾರಕ್ಕೆ ತಿರುಗಿ, ಒಂದಕ್ಕೊಂದು ಅಂಟಿಕೊಂಡು, ಎಳೆಎಳೆಯಾಗಿ ಶೇಖರವಾಗಿರುತ್ತದೆ. ಈ ತಿರುವು ಯಾವ ಕ್ಷಣದಲ್ಲಿ, ಹೇಗೆ ಸಂಭವಿಸುತ್ತದೆ ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ಹಂತ ಹಂತವಾಗಿ ತೋರಿಸಲಾರದು. ಆದ್ದರಿಂದಲೇ ವಿಜ್ಞಾನಿಗಳು ಸಿಮ್ಯುಲೇಷನ್ ಎಂದು ಕರೆಯಲಾಗುವ ಗಣಕ ಅನುಕರಣೆಯ ಮೊರೆಹೋಗಿದ್ದಾರೆ. ಆ ಲೆಕ್ಕ ಹೇಗೆ ನಡೆಯುತ್ತದೆ, ಅದು ಎಲ್ಲಿ ಎಡವಿತು, ಹೇಗೆ ತಿದ್ದಿಕೊಂಡಿತು ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸಲು ಯತ್ನಿಸಲಾಗಿದೆ.

ಸರವೂ ಮಡಿಕೆಯೂ

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮಣಿಗಳಲ್ಲಿ ಮುಖ್ಯವಾಗಿ 20 ಬಗೆಗಳಿವೆ. ಇನ್ಸುಲಿನ್‌ನಲ್ಲಿ ಇರುವುದು 51 ಮಣಿಗಳು ಮಾತ್ರ. ಸಾವಿರಾರು ಮಣಿಗಳ ಪ್ರೋಟೀನುಗಳೂ ಉಂಟು. ಈ ಸರ ಹಾಗೆಯೇ ಉದ್ದಕ್ಕೆ ಬಿದ್ದಿರುವುದಿಲ್ಲ. ಬಹುತೇಕ ಪ್ರೋಟೀನುಗಳು ತಮ್ಮಷ್ಟಕ್ಕೆ ತಾವೇ ಮಡಚಿಕೊಂಡು ಒಂದು ನಿಶ್ಚಿತ ಆಕಾರವನ್ನು ಪಡೆಯುತ್ತವೆ. ಆ ಆಕಾರವೇ ಅವುಗಳ ಕೆಲಸವನ್ನು ನಿರ್ಧರಿಸುತ್ತದೆ. ಮಡಿಕೆಗೆ ಬೇಕಾದ ಸೂಚನೆಯೆಲ್ಲ ಮಣಿಗಳ ಅನುಕ್ರಮದಲ್ಲೇ ಅಡಗಿದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ ಅವರಿಗೆ 1972ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಸರ ಯಾವ ಯಾವ ರೀತಿಯಲ್ಲಿ ಬಾಗಬಲ್ಲದು ಎಂಬ ಪ್ರಶ್ನೆಗೆ ಅಡಿಪಾಯ ಹಾಕಿದವರು ಭಾರತೀಯರೇ ಎಂಬುದು ಹೆಮ್ಮೆಯ ಸಂಗತಿ. ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ಜಿ. ಎನ್. ರಾಮಚಂದ್ರನ್ ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡಗೂಡಿ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಪಕ್ಕಪಕ್ಕದ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಸರ ಯಾವ ಕೋನಗಳಲ್ಲಿ ತಿರುಗಬಹುದು, ಯಾವ ಕೋನಗಳಲ್ಲಿ ತಿರುಗಲಾರದು ಎಂಬುದನ್ನು ಆ ನಕ್ಷೆ ತೋರಿಸುತ್ತದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿ ಬೆಳೆಸಿದರು. ಪ್ರೋಟೀನಿನ ರಚನೆ ಸರಿಯಿದೆಯೇ ಎಂದು ಪರಿಶೀಲಿಸುವಾಗ ಜಗತ್ತಿನ ಎಲ್ಲೆಡೆ ಇಂದಿಗೂ ರಾಮಚಂದ್ರನ್ ನಕ್ಷೆಯನ್ನು ಬಳಸಲಾಗುತ್ತಿದೆ.

ನಿಶ್ಚಿತ ಆಕಾರವಿಲ್ಲದ ಪ್ರೋಟೀನುಗಳು

ಪ್ರತಿಯೊಂದು ಬೀಗಕ್ಕೂ ತಕ್ಕ ಬೀಗದ ಕೈ ಇರುವಂತೆ ಪ್ರತಿಯೊಂದು ಪ್ರೋಟೀನಿಗೂ ನಿಶ್ಚಿತ ಆಕಾರವಿರಬೇಕೆಂದು ಬಹುಕಾಲ ನಂಬಲಾಗಿತ್ತು. 1990ರ ದಶಕದ ಅಂತ್ಯದ ವೇಳೆಗೆ ಈ ನಂಬಿಕೆ ಸಡಿಲವಾಯಿತು. ಯಾವ ಆಕಾರದಲ್ಲಿಯೂ ನಿಲ್ಲದೆ, ನೀರಿನಲ್ಲಿ ತೇಲುವ ದಾರದಂತೆ ಸದಾ ರೂಪ ಬದಲಿಸುತ್ತಲೇ ಕೆಲಸ ಮಾಡುವ ಪ್ರೋಟೀನುಗಳು ಅನೇಕವಿವೆ ಎಂಬುದು ಸ್ಪಷ್ಟವಾಯಿತು. ಇವುಗಳನ್ನು ಅಸ್ತವ್ಯಸ್ತ ಪ್ರೋಟೀನುಗಳೆಂದು ಕರೆಯುತ್ತಾರೆ. ಮಾನವ ದೇಹದ ಪ್ರೋಟೀನುಗಳಲ್ಲಿ ಸುಮಾರು ಮೂರನೇ ಒಂದರಷ್ಟು ಪ್ರೋಟೀನುಗಳು ಇಂತಹ ಉದ್ದನೆಯ ಭಾಗಗಳನ್ನು ಹೊಂದಿವೆ ಎಂಬುದು ಅಂದಾಜು. ಹಾಲಿನಲ್ಲಿರುವ ಕೇಸೀನ್ ಕೂಡ ಈ ವರ್ಗಕ್ಕೇ ಸೇರಿದ್ದು.

ಅಸ್ತವ್ಯಸ್ತ ಎಂದಾಕ್ಷಣ ಅದು ದೋಷವೆಂದು ಭಾವಿಸಬೇಕಾಗಿಲ್ಲ. ಮಂಡಿಯಲ್ಲಿ ಒಬ್ಬನೇ ದಲ್ಲಾಳಿ ಬೆಳಗ್ಗೆ ಅಡಿಕೆಯವರೊಂದಿಗೆ, ಮಧ್ಯಾಹ್ನ ಮೆಣಸಿನವರೊಂದಿಗೆ ವ್ಯವಹರಿಸುವಂತೆ, ಆಕಾರಕ್ಕೆ ಕಟ್ಟುಬೀಳದ ಪ್ರೋಟೀನು ಹಲವು ಅಣುಗಳೊಂದಿಗೆ ಕೂಡಿಕೊಳ್ಳಬಲ್ಲದು. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆಯುಂಟು. ಮಡಚಿದ ಪ್ರೋಟೀನಿನಲ್ಲಿ ಅಂಟುವ ಸ್ವಭಾವದ ಮಣಿಗಳು ಒಳಗೆ ಭದ್ರವಾಗಿ ಅಡಗಿರುತ್ತವೆ. ಅಸ್ತವ್ಯಸ್ತ ಪ್ರೋಟೀನಿನಲ್ಲಿ ಅವು ಹೊರಗೇ ಇರುತ್ತವೆ. ಇದ್ದ ಮಡಿಕೆ ಕೆಡುವುದು ಇಲ್ಲಿ ತೊಂದರೆಯಲ್ಲ. ಮಡಿಕೆಯೇ ಇಲ್ಲದ ಸರಕ್ಕೆ ಬೇಡದ ಮಡಿಕೆಯೊಂದು ಬಂದು ಗಟ್ಟಿಯಾಗುವುದೇ ತೊಂದರೆ.

ಹೆಪ್ಪುಗಟ್ಟುವ ಬಗೆ

ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಪ್ರೋಟೀನಿನ ಹೆಸರು ಆಲ್ಫಾ ಸೈನ್ಯೂಕ್ಲಿನ್. ಇದರಲ್ಲಿ 140 ಮಣಿಗಳಿವೆ. 53ನೆಯ ಸ್ಥಾನದ ಒಂದೇ ಮಣಿ ಬದಲಾದುದರಿಂದ ಇಟಲಿ ಮತ್ತು ಗ್ರೀಸ್ ಮೂಲದ ಕೆಲವು ಕುಟುಂಬಗಳಲ್ಲಿ ಈ ಕಾಯಿಲೆ ವಂಶಪಾರಂಪರ್ಯವಾಗಿ ಬಂದಿದೆ ಎಂಬುದು 1997ರಲ್ಲಿ ಪತ್ತೆಯಾಯಿತು. ರೋಗಿಗಳ ಮಿದುಳಿನಲ್ಲಿ ಕಾಣುವ ಗಂಟುಗಳಲ್ಲಿ ಇದೇ ಪ್ರೋಟೀನು ತುಂಬಿದೆಯೆಂಬುದು ತಿಳಿದುಬಂದದ್ದೂ ಅದೇ ವರ್ಷ. ಆಲ್ಝೈಮರ್ ಕಾಯಿಲೆಯಲ್ಲಿ ಅಮೈಲಾಯಿಡ್ ಬೀಟಾ ಮತ್ತು ಟೌ ಎಂಬ ಎರಡು ಪ್ರೋಟೀನುಗಳು ಹೀಗೆ ಶೇಖರವಾಗುತ್ತವೆ.

ಈ ಪ್ರಕ್ರಿಯೆ ಹಾಲು ಹೆಪ್ಪುಗಟ್ಟುವುದನ್ನು ಒಂದು ವಿಷಯದಲ್ಲಿ ಹೋಲುತ್ತದೆ. ಶುದ್ಧ ಸೈನ್ಯೂಕ್ಲಿನ್ ದ್ರಾವಣವನ್ನು ಪ್ರಯೋಗಾಲಯದಲ್ಲಿ ಕಲಕುತ್ತ ಇಟ್ಟರೆ ಬಹಳ ಹೊತ್ತು ಏನೂ ಆದಂತೆ ಕಾಣುವುದಿಲ್ಲ. ಆ ಬಳಿಕ ಎಲ್ಲೋ ಒಂದು ಕಡೆ ಕೆಲವು ಅಣುಗಳು ಕೂಡಿ ಸಣ್ಣ ಬೀಜವೊಂದು ಹುಟ್ಟುತ್ತದೆ. ಒಮ್ಮೆ ಬೀಜ ಹುಟ್ಟಿತೆಂದರೆ ಉಳಿದ ಅಣುಗಳು ಒಂದೊಂದಾಗಿ ಅದರ ತುದಿಗೆ ಬಂದು ಸೇರಿ ಅದೇ ತಪ್ಪು ಆಕಾರವನ್ನು ತಾಳುತ್ತವೆ; ಎಳೆ ವೇಗವಾಗಿ ಬೆಳೆಯುತ್ತದೆ. ಮೊದಲೇ ಬೆಳೆದ ಎಳೆಯ ಚೂರೊಂದನ್ನು ಹೆಪ್ಪಿನಂತೆ ಹಾಕಿದರೆ ಕಾಯುವ ಅವಧಿಯೇ ತಗ್ಗಿಬಿಡುತ್ತದೆ.

ಸರಗಳು ಹೀಗೆ ಒಂದರ ಪಕ್ಕ ಒಂದು ಒತ್ತೊತ್ತಾಗಿ ಜೋಡಣೆಗೊಂಡು ಉಂಟಾಗುವ ರಚನೆಗೆ ಬೀಟಾ ಹಾಳೆ ಎಂದು ಹೆಸರು. ಈ ರಚನೆ ಸದಾ ಕೆಡುಕಿನದಲ್ಲ. ರೇಷ್ಮೆ ಹುಳುವಿನ ಗ್ರಂಥಿಯೊಳಗೆ ದ್ರವರೂಪದಲ್ಲಿರುವ ಫೈಬ್ರಾಯಿನ್ ಪ್ರೋಟೀನು ಹೊರಗೆ ಎಳೆಯಾಗಿ ಬರುವಾಗ ಬೀಟಾ ಹಾಳೆಗಳಾಗಿ ಜೋಡಣೆಗೊಳ್ಳುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ನೂಲು ಅಷ್ಟೊಂದು ಗಟ್ಟಿಯಾಗಿರುವುದಕ್ಕೂ, ಬಿಸಿನೀರಿನಲ್ಲಿ ಹಾಕಿ ಬಿಚ್ಚುವಾಗ ನೂಲು ಕರಗಿಹೋಗದಿರುವುದಕ್ಕೂ ಇದೇ ಕಾರಣ. ನೂಲಿಗೆ ಬಲ ನೀಡುವ ಅದೇ ಬಗೆಯ ಜೋಡಣೆ ಮಿದುಳಿನಲ್ಲಿ ಆದಾಗ ಅದನ್ನು ಕರಗಿಸುವುದು ದೇಹಕ್ಕೆ ಸುಲಭಸಾಧ್ಯವಾಗುವುದಿಲ್ಲ.

ಗಣಕಯಂತ್ರ ಮಾಡುವ ಲೆಕ್ಕ

ಎಳೆ ಬೆಳೆದು ನಿಂತ ಮೇಲೆ ಅದರ ಚಿತ್ರವನ್ನು ತೆಗೆಯಬಹುದು. ಆಲ್ಝೈಮರ್ ರೋಗಿಯ ಮಿದುಳಿನಿಂದ ಪಡೆದ ಟೌ ಎಳೆಯ ರಚನೆಯನ್ನು ಕೇಂಬ್ರಿಜ್ಜಿನ ವಿಜ್ಞಾನಿಗಳು 2017ರಲ್ಲಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಆದರೆ ಅದು ಮುಗಿದ ವ್ಯವಹಾರದ ರಸೀದಿ ಇದ್ದಂತೆ. ಸಡಿಲವಾದ ಸರ ಆ ಸ್ಥಿತಿಗೆ ತಲುಪುವ ದಾರಿ ಅದರಲ್ಲಿ ಕಾಣುವುದಿಲ್ಲ. ಆ ದಾರಿಯನ್ನು ಹುಡುಕುವುದೇ ಅನುಕರಣೆಯ ಉದ್ದೇಶ.

ವಿಧಾನದ ತತ್ತ್ವ ಸರಳವಾದದ್ದು. ಪ್ರೋಟೀನಿನ ಪ್ರತಿಯೊಂದು ಪರಮಾಣುವನ್ನೂ, ಸುತ್ತಲಿನ ನೀರಿನ ಅಣುಗಳನ್ನೂ ಗಣಕದಲ್ಲಿ ನಮೂದಿಸಲಾಗುತ್ತದೆ. ಪ್ರತಿಯೊಂದು ಪರಮಾಣುವಿನ ಮೇಲೆ ಉಳಿದವು ಎಷ್ಟು ಬಲ ಹಾಕುತ್ತಿವೆ ಎಂದು ಲೆಕ್ಕ ಮಾಡಿ, ನ್ಯೂಟನ್ನನ ನಿಯಮದಂತೆ ಅದನ್ನು ಒಂದು ಕಿರುಹೆಜ್ಜೆ ಮುಂದಕ್ಕೆ ಸರಿಸಲಾಗುತ್ತದೆ. ಮತ್ತೆ ಲೆಕ್ಕ, ಮತ್ತೆ ಹೆಜ್ಜೆ. ಒಂದು ಹೆಜ್ಜೆಯ ಅವಧಿ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡು. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಆ ಒಂದು ಪಾಲನ್ನು ಮತ್ತೆ 10 ಕೋಟಿ ಪಾಲು ಮಾಡಿದರೆ ದೊರೆಯುವುದು ಒಂದು ಫೆಮ್ಟೋಸೆಕೆಂಡು. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಚಲನೆಯನ್ನು ನೋಡಬೇಕಾದರೂ 50,000 ಕೋಟಿ ಹೆಜ್ಜೆಗಳ ಲೆಕ್ಕ ನಡೆಯಬೇಕು. ಅಸ್ತವ್ಯಸ್ತ ಪ್ರೋಟೀನು ಕೈಕಾಲು ಚಾಚಿದಂತೆ ಹರಡಿಕೊಳ್ಳುವುದರಿಂದ ಅದಕ್ಕೆ ದೊಡ್ಡ ನೀರಿನ ತೊಟ್ಟಿಯೇ ಬೇಕಾಗಿ, ಪರಮಾಣುಗಳ ಸಂಖ್ಯೆ ಲಕ್ಷಗಳನ್ನು ಮುಟ್ಟುತ್ತದೆ.

ಮೊಟ್ಟಮೊದಲ ಪ್ರೋಟೀನು ಅನುಕರಣೆ ನಡೆದದ್ದು 1977ರಲ್ಲಿ. ಹಾರ್ವರ್ಡಿನ ಮಾರ್ಟಿನ್ ಕಾರ್‌ಪ್ಲಸ್ ಮತ್ತು ಸಂಗಡಿಗರು 58 ಮಣಿಗಳ, ನಿಶ್ಚಿತ ಆಕಾರವುಳ್ಳ ಒಂದು ಪುಟ್ಟ ಪ್ರೋಟೀನಿನ ಚಲನೆಯನ್ನು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಹತ್ತಕ್ಕಿಂತ ಕಡಿಮೆ ಭಾಗದಷ್ಟು ಕಾಲ ಲೆಕ್ಕ ಹಾಕಿದರು. ಈ ಕ್ಷೇತ್ರದ ಸಾಧನೆಗಾಗಿ ಕಾರ್‌ಪ್ಲಸ್, ಮೈಕೇಲ್ ಲೆವಿಟ್ ಮತ್ತು ಏರಿಯಾ ವಾರ್ಷೆಲ್ ಅವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇದಕ್ಕೆ ಹರಿದುಬಂದ ಬಂಡವಾಳವೂ ಗಮನಾರ್ಹ. ಐಬಿಎಂ ಸಂಸ್ಥೆ 1999ರ ಡಿಸೆಂಬರಿನಲ್ಲಿ ಪ್ರೋಟೀನು ಮಡಿಕೆಯ ಅಧ್ಯಯನವನ್ನು ಮುಂದಿಟ್ಟುಕೊಂಡು 10 ಕೋಟಿ ಡಾಲರುಗಳ ಬ್ಲೂ ಜೀನ್ ಯೋಜನೆಯನ್ನು ಘೋಷಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ ಫೋಲ್ಡಿಂಗ್ ಅಟ್ ಹೋಮ್ ಯೋಜನೆ ಜನಸಾಮಾನ್ಯರ ಮನೆಗಳಲ್ಲಿ ಬಿಡುವಾಗಿರುವ ಗಣಕಗಳಿಗೆ ಲೆಕ್ಕವನ್ನು ಹಂಚಿಕೊಟ್ಟಿತು. ಹಣಕಾಸು ಮಾರುಕಟ್ಟೆಯಲ್ಲಿ ಗಣಕ ಲೆಕ್ಕಾಚಾರದಿಂದಲೇ ಹೆಸರಾದ ಹೂಡಿಕೆ ಸಂಸ್ಥೆಯೊಂದನ್ನು 1988ರಲ್ಲಿ ಸ್ಥಾಪಿಸಿದ್ದ ಡೇವಿಡ್ ಶಾ ಅವರು ಮುಂದೆ ಈ ಸಂಶೋಧನೆಗೆ ತಾವೇ ಇಳಿದರು. ಅವರ ತಂಡ ಇದೊಂದೇ ಕೆಲಸಕ್ಕಾಗಿ ಆಂಟನ್ ಎಂಬ ಯಂತ್ರವನ್ನು ನಿರ್ಮಿಸಿ, 1977ರಲ್ಲಿ ಬಳಸಿದ್ದ ಅದೇ ಪುಟ್ಟ ಪ್ರೋಟೀನಿನ ಚಲನೆಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಅನುಕರಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. 33 ವರ್ಷಗಳಲ್ಲಿ ಅವಧಿ ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚಿತ್ತು.

ತೂಕದ ಕಲ್ಲೇ ತಪ್ಪಿದ್ದಾಗ

ಯಂತ್ರ ವೇಗವಾಗಿದ್ದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಪರಮಾಣುಗಳ ನಡುವಣ ಆಕರ್ಷಣೆ, ವಿಕರ್ಷಣೆಗಳ ಪ್ರಮಾಣವನ್ನು ಸೂಚಿಸುವ ಕೋಷ್ಟಕವೊಂದನ್ನು ಮೊದಲೇ ಸಿದ್ಧಪಡಿಸಿ ಗಣಕಕ್ಕೆ ಕೊಟ್ಟಿರಬೇಕು. ಇದನ್ನು ಬಲಕ್ಷೇತ್ರವೆನ್ನುತ್ತಾರೆ. ತಕ್ಕಡಿಗೆ ತೂಕದ ಕಲ್ಲು ಹೇಗೋ ಅನುಕರಣೆಗೆ ಬಲಕ್ಷೇತ್ರ ಹಾಗೆ. ಹಳೆಯ ಕೋಷ್ಟಕಗಳನ್ನು ಮುಖ್ಯವಾಗಿ ಮಡಚಿದ ಪ್ರೋಟೀನುಗಳನ್ನು ಎದುರಿಗಿಟ್ಟುಕೊಂಡು ಹದಗೊಳಿಸಲಾಗಿತ್ತು. ಅದೇ ಕಲ್ಲಿನಿಂದ ಅಸ್ತವ್ಯಸ್ತ ಪ್ರೋಟೀನನ್ನು ತೂಗಿದಾಗ ತೂಕ ತಪ್ಪಿತು. ಗಣಕದಲ್ಲಿ ಈ ಪ್ರೋಟೀನುಗಳು ಉಂಡೆಯಂತೆ ಮುದುಡಿಕೊಂಡವು; ಎಕ್ಸ್ ಕಿರಣಗಳ ಚದುರುವಿಕೆಯಿಂದ ಅಳೆದಾಗ ಅವು ವಾಸ್ತವದಲ್ಲಿ ಬಹಳ ಹರಡಿಕೊಂಡಿದ್ದವು. ಒಂದೇ ಪ್ರೋಟೀನು ತುಣುಕಿಗೆ ಬೇರೆ ಬೇರೆ ಬಲಕ್ಷೇತ್ರಗಳು ಬೇರೆ ಬೇರೆ ಚಿತ್ರವನ್ನೇ ಕೊಡುತ್ತವೆ ಎಂಬುದನ್ನು 2015ರಲ್ಲಿ ಪ್ರಕಟವಾದ ತುಲನಾತ್ಮಕ ಅಧ್ಯಯನವೊಂದು ತೋರಿಸಿತು.

ದೋಷದ ಮೂಲ ಬಹುಮಟ್ಟಿಗೆ ನೀರಿನಲ್ಲಿತ್ತು. ಪ್ರೋಟೀನಿಗೂ ನೀರಿಗೂ ಇರುವ ಆಕರ್ಷಣೆಯನ್ನು ಹಳೆಯ ಕೋಷ್ಟಕಗಳು ಕಡಿಮೆ ಹಿಡಿದಿದ್ದವು. ಆದ್ದರಿಂದ ಸರ ನೀರನ್ನು ಬಿಟ್ಟು ತನಗೆ ತಾನೇ ಅಂಟಿಕೊಳ್ಳುತ್ತಿತ್ತು. ಶಾ ಅವರ ತಂಡ 2015ರಲ್ಲಿ ನೀರಿನ ಹೊಸ ಮಾದರಿಯನ್ನೂ, 2018ರಲ್ಲಿ ಮಡಚಿದ ಮತ್ತು ಅಸ್ತವ್ಯಸ್ತ ಪ್ರೋಟೀನುಗಳೆರಡಕ್ಕೂ ಹೊಂದುವ ಪರಿಷ್ಕೃತ ಬಲಕ್ಷೇತ್ರವನ್ನೂ ಪ್ರಕಟಿಸಿತು. ಪ್ರಯೋಗಾಲಯದ ಅಳತೆಗಳೊಂದಿಗೆ ಹೆಜ್ಜೆ ಹೆಜ್ಜೆಗೂ ತಾಳೆ ನೋಡಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು. ಲೆಕ್ಕದ ಪುಸ್ತಕದಲ್ಲಿ ನೂರು ಮೂಟೆ ಎಂದು ಬರೆದಿದ್ದರೂ ಗೋದಾಮಿಗೆ ಹೋಗಿ ದಾಸ್ತಾನು ಎಣಿಸದೆ ವರ್ಷದ ಲೆಕ್ಕ ಮುಗಿಸುವವರು ಯಾರೂ ಇಲ್ಲ. ವಿಜ್ಞಾನದಲ್ಲಿಯೂ ಕ್ರಮ ಇದೇ.

ಕಿರುಕುಳ ಬಿಟ್ಟು ಸಗಟು ಲೆಕ್ಕ

ಪರಮಾಣು ಪರಮಾಣುವಿನ ಲೆಕ್ಕಕ್ಕೆ ಇನ್ನೊಂದು ಮಿತಿಯಿದೆ. ಎಳೆ ಕಟ್ಟಲು ಪ್ರಯೋಗಾಲಯದಲ್ಲಿ ಗಂಟೆಗಳು, ದಿನಗಳು ಬೇಕು. ದೇಹದಲ್ಲಿ ವರ್ಷಗಳೇ ಬೇಕು. ಅಷ್ಟು ದೀರ್ಘ ಕಾಲವನ್ನು ಫೆಮ್ಟೋಸೆಕೆಂಡಿನ ಹೆಜ್ಜೆಯಲ್ಲಿ ದಾಟುವುದು ಯಾವ ಯಂತ್ರಕ್ಕೂ ಅಸಾಧ್ಯ. ಆದಕಾರಣ ಬಿಡಿ ಲೆಕ್ಕವನ್ನು ಬಿಟ್ಟು ಸಗಟು ಲೆಕ್ಕ ಮಾಡುವ ವಿಧಾನಗಳು ಬಂದಿವೆ. ಇಲ್ಲಿ ಹತ್ತಾರು ಪರಮಾಣುಗಳ ಅಮೈನೋ ಆಮ್ಲವನ್ನು ಒಂದೇ ಗುಂಡಾಗಿ ಪರಿಗಣಿಸುತ್ತಾರೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲ್ವಡೋಸ್ ಎಂಬ ಇಂತಹ ಮಾದರಿಯಿಂದ ಮಾನವನ ಪ್ರೋಟೀನುಗಳಲ್ಲಿರುವ 28,058 ಅಸ್ತವ್ಯಸ್ತ ಭಾಗಗಳನ್ನು ಅನುಕರಿಸಿ 2024ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೂಕ್ಷ್ಮ ವಿವರ ಕಳೆದುಹೋದರೂ ಯಾವ ಸರ ಮುದುಡುತ್ತದೆ, ಯಾವುದು ಹರಡಿಕೊಳ್ಳುತ್ತದೆ ಎಂಬ ಒಟ್ಟು ಅಂದಾಜು ಇದರಿಂದ ದೊರೆಯುತ್ತದೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಆಲ್ಫಾಫೋಲ್ಡ್ ತಂತ್ರಾಂಶ 2020ರ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಪ್ರೋಟೀನು ರಚನೆಗಳನ್ನು ಬೆರಗಾಗುವಷ್ಟು ನಿಖರವಾಗಿ ಊಹಿಸಿತು. ಅದರ ರೂವಾರಿಗಳಾದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರು 2024ರ ನೊಬೆಲ್ ಪಾರಿತೋಷಕವನ್ನು ಡೇವಿಡ್ ಬೇಕರ್ ಅವರೊಂದಿಗೆ ಹಂಚಿಕೊಂಡರು. ಆದರೆ ಆಲ್ಫಾಫೋಲ್ಡ್ ಕೊಡುವುದು ಒಂದು ನಿಂತ ಚಿತ್ರ. ನಿಲ್ಲದ ಪ್ರೋಟೀನಿಗೆ ನಿಂತ ಚಿತ್ರದಿಂದ ನ್ಯಾಯ ದೊರೆಯದು. ಅಸ್ತವ್ಯಸ್ತ ಭಾಗ ಬಂದಾಗ ಆ ತಂತ್ರಾಂಶವೇ ವಿಶ್ವಾಸದ ಅಂಕವನ್ನು ತಗ್ಗಿಸಿ ತೋರಿಸುತ್ತದೆ. ಆದುದರಿಂದ ಸಾವಿರಾರು ರೂಪಗಳ ಸರಾಸರಿಯನ್ನು ಲೆಕ್ಕ ಹಾಕುವ ಅನುಕರಣೆಗೆ ಈ ಕ್ಷೇತ್ರದಲ್ಲಿ ಬೇಡಿಕೆ ಉಳಿದೇ ಇದೆ.

ಔಷಧದವರೆಗಿನ ದಾರಿ

ಸಾಂಪ್ರದಾಯಿಕ ಔಷಧ ತಯಾರಿಕೆ ಪ್ರೋಟೀನಿನ ಗುಳಿಯೊಂದನ್ನು ಹುಡುಕಿ, ಅದರೊಳಗೆ ಕೂರುವ ಅಣುವನ್ನು ರೂಪಿಸುತ್ತದೆ. ಅಸ್ತವ್ಯಸ್ತ ಪ್ರೋಟೀನಿನಲ್ಲಿ ಗುಳಿಯೇ ಇಲ್ಲ. ಹಾಗಾದರೆ ಔಷಧ ಅಂಟುವುದೆಲ್ಲಿ? ಜಪಾನಿನಲ್ಲಿ ಬೇರೊಂದು ತೊಂದರೆಗಾಗಿ 1995ರಿಂದ ಬಳಕೆಯಲ್ಲಿರುವ ಫಾಸುಡಿಲ್ ಎಂಬ ಔಷಧ ಸೈನ್ಯೂಕ್ಲಿನ್‌ನ ಬಾಲಕ್ಕೆ ಹಗುರವಾಗಿ ಅಂಟುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದಿತ್ತು. ಅದು ಒಂದೇ ಕಡೆ ನೆಲೆಸದೆ ಅಕ್ಕಪಕ್ಕದ ಮಣಿಗಳ ನಡುವೆ ಜಿಗಿಯುತ್ತಲೇ ಅಂಟಿಕೊಂಡಿರುತ್ತದೆ, ಬಾಲವೂ ಸಡಿಲವಾಗಿಯೇ ಉಳಿಯುತ್ತದೆ ಎಂಬುದನ್ನು 2022ರಲ್ಲಿ ಪ್ರಕಟವಾದ ಅನುಕರಣೆ ತೋರಿಸಿ, ಪ್ರಯೋಗದ ಅಳತೆಗಳೊಂದಿಗೆ ಹೋಲಿಸಿ ನೋಡಿತು. ಇದು ಔಷಧವಲ್ಲ, ಔಷಧ ಹುಡುಕುವ ದಾರಿಗೆ ಸಿಕ್ಕ ಒಂದು ಕೈಕಂಬ ಮಾತ್ರ.

ಈವರೆಗಿನ ಗೆಲುವುಗಳು ಇತರ ದಾರಿಗಳಿಂದಲೂ ಬಂದಿವೆ ಎಂಬುದನ್ನು ಮರೆಯಬಾರದು. ಮಧುಮೇಹಿಗಳ ಮೇದೋಜೀರಕ ಗ್ರಂಥಿಯಲ್ಲಿ ಶೇಖರವಾಗುವ 37 ಮಣಿಗಳ ಅಮೈಲಿನ್ ಪ್ರೋಟೀನು ಇಲಿಗಳಲ್ಲಿ ಎಳೆ ಕಟ್ಟುವುದಿಲ್ಲ. ಕಾರಣ ಇಲಿಯ ಸರದಲ್ಲಿ ಸೂಕ್ತ ಸ್ಥಾನಗಳಲ್ಲಿ ಪ್ರೋಲೀನ್ ಎಂಬ ಮಣಿ ಇದೆ. ಮಾನವನ ಅಮೈಲಿನ್‌ನಲ್ಲಿ ಅಂತಹ ಮೂರು ಮಣಿಗಳನ್ನು ಬದಲಿಸಿ ತಯಾರಿಸಿದ ಪ್ರಾಮ್ಲಿಂಟೈಡ್ ಔಷಧಕ್ಕೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆಯಿತು. ಆಲ್ಝೈಮರ್ ಕಾಯಿಲೆಯ ಆರಂಭದ ಹಂತಕ್ಕೆ 2023ರಲ್ಲಿ ಅಮೆರಿಕದ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್‌ನ ಬೇರು ಸ್ವೀಡನ್ನಿನ ಕುಟುಂಬವೊಂದರಲ್ಲಿ ಕಂಡ ಆನುವಂಶಿಕ ಬದಲಾವಣೆಯ ಅಧ್ಯಯನದಲ್ಲಿದೆ. ಅದು ಕಾಯಿಲೆಯ ವೇಗವನ್ನು ತುಸು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮಿದುಳಿನ ಊತ, ರಕ್ತಸ್ರಾವಗಳಂತಹ ಅಪಾಯಗಳೂ ಅದಕ್ಕಿವೆ.

ವರ್ತಕರೂ ಉದ್ಯಮಿಗಳೂ ಗಮನಿಸಬೇಕಾದ ಅಂಶಗಳು

ಮೊದಲನೆಯದು ದಾಸ್ತಾನಿಗೆ ಸಂಬಂಧಿಸಿದ್ದು. ಇನ್ಸುಲಿನ್ ಅಸ್ತವ್ಯಸ್ತ ಪ್ರೋಟೀನಲ್ಲ. ಆದರೂ ಶಾಖ, ಕುಲುಕಾಟಗಳಿಂದ ಅದರ ಮಡಿಕೆ ಬಿಚ್ಚಿ, ಅದೂ ಇಂತಹುದೇ ಎಳೆಗಳನ್ನು ಕಟ್ಟಬಲ್ಲದು. ಹೀಗೆ ಕೆಟ್ಟ ಔಷಧ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಔಷಧ ವ್ಯಾಪಾರಿಗಳು ತೆರೆಯದ ಇನ್ಸುಲಿನ್ ಬಾಟಲಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡಬೇಕು, ಎಂದೂ ಹೆಪ್ಪುಗಟ್ಟಲು ಬಿಡಬಾರದು ಎಂಬ ಸೂಚನೆಯ ಹಿಂದೆ ಈ ವಿಜ್ಞಾನವೇ ಅಡಗಿದೆ. ವಿದ್ಯುತ್ ಹೋದ ರಾತ್ರಿಯ ಅಲಕ್ಷ್ಯಕ್ಕೆ ಬೆಲೆ ತೆರುವವನು ರೋಗಿ.

ಎರಡನೆಯದು ಅವಕಾಶಕ್ಕೆ ಸಂಬಂಧಿಸಿದ್ದು. ಗ್ರೋಮ್ಯಾಕ್ಸ್‌ನಂತಹ ಅನುಕರಣೆಯ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆಟಗಳಿಗಾಗಿ ರೂಪುಗೊಂಡ ಚಿತ್ರಸಂಸ್ಕಾರಕ ಚಿಪ್ಪುಗಳೇ ಇಂದು ಈ ಲೆಕ್ಕವನ್ನೂ ಮಾಡುತ್ತವೆ. ಹಾಲಿನ ಪ್ರೋಟೀನು, ಕಿಣ್ವ, ರೇಷ್ಮೆ ಮುಂತಾದವುಗಳಲ್ಲಿ ತೊಡಗಿರುವ ಸಣ್ಣ ಉದ್ದಿಮೆಗಳು ಸಮೀಪದ ವಿಶ್ವವಿದ್ಯಾಲಯದೊಂದಿಗೆ ಕೈಜೋಡಿಸಿದಲ್ಲಿ ಕೋಟಿಗಟ್ಟಲೆ ಬಂಡವಾಳವಿಲ್ಲದೆಯೂ ಇದರ ಪ್ರಯೋಜನ ಪಡೆಯಬಹುದು.

ಮೂರನೆಯದು ಎಚ್ಚರಿಕೆಗೆ ಸಂಬಂಧಿಸಿದ್ದು. ಮರೆವು, ನಡುಕ, ಸಕ್ಕರೆ ಕಾಯಿಲೆಗಳಿಗೆ ಗಣಕದಿಂದ ಸಾಬೀತಾದ ಪುಡಿ, ಕಷಾಯ ಎಂದು ಏಜೆನ್ಸಿ ನೀಡಲು ಯಾರಾದರೂ ಬಂದರೆ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಲೆಕ್ಕಕ್ಕೆ ಬಳಸಿದ ಬಲಕ್ಷೇತ್ರ ಆ ಬಗೆಯ ಪ್ರೋಟೀನಿಗೆ ಹೊಂದುವುದೇ? ಪ್ರಯೋಗಾಲಯದಲ್ಲಿ ಫಲಿತಾಂಶ ತಾಳೆಯಾಗಿದೆಯೇ? ಮನುಷ್ಯರ ಮೇಲೆ ವಿಧಿವತ್ತಾದ ಪರೀಕ್ಷೆ ನಡೆದಿದೆಯೇ? ಮಧುಮೇಹವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ ಎಂಬುದೂ ನೆನಪಿನಲ್ಲಿರಲಿ. ಅಂತಹ ಸರಕಿಗೆ ಬಂಡವಾಳ ಹಾಕಿದವರು ಹಣದೊಂದಿಗೆ ಹೆಸರನ್ನೂ ಕಳೆದುಕೊಳ್ಳುವರು.

ಗಣಕ ಅನುಕರಣೆ ಮಾನವನ ಕಣ್ಣಿಗೆ ಎಟುಕದುದನ್ನು ತೋರಿಸಬಲ್ಲ ಸಮರ್ಥ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತನ್ನ ತೂಕದ ಕಲ್ಲು ತಪ್ಪಿದೆಯೆಂದು ಗೋಚರಿಸಿದಾಗ ಅದನ್ನು ಮರೆಮಾಚದೆ, ಬಹಿರಂಗವಾಗಿ ಒಪ್ಪಿಕೊಂಡು, ಹೊಸ ಕಲ್ಲನ್ನು ಕಡೆಸಿಕೊಂಡದ್ದರಿಂದಲೇ ಈ ಶಾಸ್ತ್ರ ಇಂದು ನಂಬಲರ್ಹವಾಗಿದೆ. ಸಹಿ ತಾಳೆಯಾಗದ ಆ ಹಿರಿಯರ ಕೈಗೆ ಒಂದು ದಿನ ಸ್ಥಿರತೆ ಮರಳುವುದಾದರೆ ಅದು ಇಂತಹ ಪ್ರಾಮಾಣಿಕ ಲೆಕ್ಕದಿಂದಲೇ ಸಾಧ್ಯ. ಅಲ್ಲಿಯವರೆಗೆ, ಮನೆಯ ಹಿರಿಯರ ಅಕ್ಷರ ಕಿರಿದಾಗುತ್ತಿರುವುದು ಕಂಡುಬಂದಲ್ಲಿ ಚೆಕ್ಕು ಹಿಂದಿರುಗುವವರೆಗೆ ಕಾಯದೆ ನರರೋಗ ತಜ್ಞರನ್ನು ಕಾಣುವುದು ಉಚಿತ.